ಶಾಲೆಯ ಲೋಟ ಮತ್ತು ನ್ಯೂಜಿಲೆಂಡಿನ ಹರಾಜು: ಕರ್ನಾಟಕದ ಹಾಲು ರೈತರನ್ನು ಕಾಯ್ದದ್ದು ಯಾವುದು?

2015ರ ಆಗಸ್ಟ್ ಮೊದಲ ವಾರ. ನ್ಯೂಜಿಲೆಂಡಿನ ಫಾಂಟೆರಾ ಸಂಸ್ಥೆ ಶುರು ಮಾಡಿದ ಆನ್‌ಲೈನ್ ಹಾಲು ಹರಾಜಿನಲ್ಲಿ ಕೆನೆರಹಿತ ಹಾಲಿನ ಪುಡಿ ಟನ್ನಿಗೆ 1,500 ಡಾಲರಿಗೂ ಕೆಳಗೆ ಬಿತ್ತು. ಅದಕ್ಕೆ ಒಂದೂವರೆ ವರ್ಷ ಮುಂಚೆ ಅದೇ ಪುಡಿ 4,500 ಡಾಲರ್ ಮೀರಿ ಮಾರಾಟವಾಗಿತ್ತು. ನಮ್ಮ ದುಡ್ಡಿನಲ್ಲಿ ಹೇಳುವುದಾದರೆ ಕೆಜಿಗೆ 270 ರೂಪಾಯಿ ಆಸುಪಾಸು ಇದ್ದದ್ದು 100 ರೂಪಾಯಿಗಿಂತ ಕೆಳಗಿಳಿಯಿತು.

ಆ ವರ್ಷವೇ ಹಳೇ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಹಾಲಿನ ಬಟವಾಡೆಯಲ್ಲಿ ಲೀಟರಿಗೆ ಒಂದೂವರೆ ರೂಪಾಯಿ ಕಡಿಮೆ ಬಂತು. ಅವರ ಮನೆಯಲ್ಲಿ ಎರಡು ಸೀಮೆಹಸು. ಎರಡೂ ಕರೆಯುತ್ತಿದ್ದರೆ ಬೆಳಗ್ಗೆ ಸಂಜೆ ಸೇರಿ 14 ಲೀಟರ್ ಹಾಲು ಡೇರಿಗೆ ಹೋಗುತ್ತದೆ. ಲೀಟರಿಗೆ ಒಂದೂವರೆ ಅಂದರೆ ದಿನಕ್ಕೆ 21 ರೂಪಾಯಿ, ತಿಂಗಳಿಗೆ 630. "ಫ್ಯಾಟ್ ಸರಿಯಾಗೇ ಬಂದದೆ, ಡಿಗ್ರಿನೂ ಬಂದದೆ, ಆದ್ರೂ ದುಡ್ಡು ಯಾಕ್ ಕಮ್ಮಿ ಮಗಾ?" (ಡಿಗ್ರಿ ಅಂದರೆ ಹಾಲು ಎಷ್ಟು ಗಟ್ಟಿ ಅನ್ನುವ ಅಳತೆ) ಅಂತ ಅವರು ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಡೇರಿ ಕಾರ್ಯದರ್ಶಿ ಹೇಳಿದ್ದು ಒಂದೇ ಮಾತು: "ಪೌಡರ್ ಹೋಗ್ತಿಲ್ವಂತೆ."

ಆ ಒಂದು ಮಾತಿನ ಹಿಂದೆ ಏನಿತ್ತು, ಸರ್ಕಾರ ಏನು ಮಾಡಿತು, ಯಾವುದು ರೈತರ ಕೈಗೆ ಮುಟ್ಟಿತು, ಯಾವುದು ಮುಟ್ಟಲಿಲ್ಲ ಅಂತ ಬಿಡಿಸಿ ನೋಡುವುದಕ್ಕೆ ಈ ಬರಹ.

ಹಾಲು ಸಮುದ್ರ ದಾಟುವುದಿಲ್ಲ, ಪುಡಿ ದಾಟುತ್ತೆ

ಹಸಿ ಹಾಲಿಗೆ ಅಂತರರಾಷ್ಟ್ರೀಯ ಪೈಪೋಟಿ ಅಂತ ಹೇಳಿಕೊಳ್ಳುವಷ್ಟು ಇಲ್ಲ. ಅದು ಬೇಗ ಕೆಡುತ್ತೆ, ದೂರ ಸಾಗಿಸಲು ಆಗಲ್ಲ. ಆದರೆ ಹಾಲು ಒಕ್ಕೂಟಗಳು (ಹಳ್ಳಿ ಡೇರಿ ಸಂಘಗಳು ಸೇರಿ ಆದ ಸಹಕಾರ ಸಂಸ್ಥೆಗಳು) ಸಂಗ್ರಹಿಸುವ ಹಾಲೆಲ್ಲ ಪ್ಯಾಕೆಟ್ಟಾಗಿ ಮಾರಾಟವಾಗುವುದಿಲ್ಲ. ಮಳೆ ಬಿದ್ದು ಹಸಿರು ಮೇವು ಸಿಕ್ಕಾಗ ಹಾಲು ಹೆಚ್ಚುತ್ತೆ. ಮೊಸರು, ತುಪ್ಪ, ಪೇಡ ಆದ ಮೇಲೂ ಹಾಲು ಉಳಿಯುತ್ತೆ. ಸಹಕಾರ ಸಂಘ ಅಂದ ಮೇಲೆ ಸದಸ್ಯರು ತಂದ ಹಾಲನ್ನು ಬೇಡ ಅನ್ನುವಂತಿಲ್ಲ. ಹಾಗಾಗಿ ಉಳಿದದ್ದರಿಂದ ಕೆನೆ ತೆಗೆದು ಬೆಣ್ಣೆ ಮಾಡುತ್ತಾರೆ, ಮಿಕ್ಕದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಒಂದು ಕೆಜಿ ಕೆನೆರಹಿತ ಪುಡಿಗೆ ಸುಮಾರು 11 ಲೀಟರ್ ಹಾಲು ಬೇಕು. ಪುಡಿ 100 ರೂಪಾಯಿಗೆ ಇಳಿದರೆ, ಬೆಣ್ಣೆಯ ದುಡ್ಡು ಬಿಟ್ಟು, ಲೀಟರಿಗೆ 9 ರೂಪಾಯಿ ಸಿಕ್ಕಂತಾಯಿತು. ಅದರಲ್ಲೇ ಒಣಗಿಸುವ ಖರ್ಚು, ಸಾಗಾಟ, ಗೋದಾಮು. ಉಳಿದ ಹಾಲಿನ ನಷ್ಟವನ್ನು ಒಕ್ಕೂಟ ಎಲ್ಲಿಂದ ತುಂಬಿಕೊಳ್ಳಬೇಕು? ಕೊನೆಗೆ ಎಲ್ಲರ ಹಾಲಿನ ದರದಿಂದಲೇ.

ಬೆಲೆ ಬಿದ್ದ ಕಾರಣಗಳು ನಮ್ಮಿಂದ ಬಹಳ ದೂರದವು. ಚೀನಾ 2014ರಲ್ಲಿ ಪುಡಿ ಕೊಳ್ಳುವುದನ್ನು ಕಡಿಮೆ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ರಷ್ಯಾ ಯುರೋಪಿನ ಹಾಲು ಉತ್ಪನ್ನಗಳಿಗೆ ಬಾಗಿಲು ಹಾಕಿತು. 2015ರ ಏಪ್ರಿಲ್ 1ರಂದು ಯುರೋಪಿಯನ್ ಒಕ್ಕೂಟ ಮೂವತ್ತು ವರ್ಷ ಇದ್ದ ಹಾಲಿನ ಕೋಟಾ ತೆಗೆದುಹಾಕಿತು. ಎಷ್ಟು ಬೇಕಾದರೂ ಕರೆಯಿರಿ ಅಂದಂತಾಯಿತು. ಮುಂದೆ ಯುರೋಪಿನ ಸರ್ಕಾರಿ ಗೋದಾಮುಗಳಲ್ಲೇ 3.5 ಲಕ್ಷ ಟನ್ನಿಗೂ ಜಾಸ್ತಿ ಪುಡಿ ಕೂತಿತು.

ಗೋಡೆ ಇತ್ತು, ಆದರೂ ಹೊಡೆತ ಬಿತ್ತು

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ನಮ್ಮಲ್ಲಿ ಆಮದು ಸುಂಕ ಇದೆಯಲ್ಲ, ಹೊರಗಿನ ಪುಡಿ ಒಳಗೆ ಬರಲೇ ಇಲ್ಲವಲ್ಲ, ಮತ್ತೆ ನಮ್ಮ ಬೆಲೆ ಯಾಕೆ ಬೀಳಬೇಕು?

ಆ ಸುಂಕಕ್ಕೂ ಒಂದು ಕಥೆ ಇದೆ. ಹಿಂದೆ ಗ್ಯಾಟ್ (ವಿಶ್ವ ವಾಣಿಜ್ಯ ಸಂಸ್ಥೆಗೆ ಮುಂಚೆ ಇದ್ದ ವ್ಯಾಪಾರ ಒಪ್ಪಂದ) ಕಾಲದಲ್ಲಿ ಭಾರತ ಹಾಲಿನ ಪುಡಿಗೆ ಸುಂಕ ಹಾಕುವುದಿಲ್ಲ ಅಂತ ಬರೆದುಕೊಟ್ಟಿತ್ತು. ಆಗ ಆಮದಿನ ಮೇಲೆ ಬೇರೆ ನಿರ್ಬಂಧಗಳು ಇದ್ದಿದ್ದರಿಂದ ತೊಂದರೆ ಕಾಣಲಿಲ್ಲ. ಆದರೆ 1990ರ ದಶಕದ ಕೊನೆಗೆ ಆ ನಿರ್ಬಂಧಗಳು ಒಂದೊಂದಾಗಿ ಕಳಚತೊಡಗಿದವು. ಯುರೋಪಿನ ಸಬ್ಸಿಡಿ ಪುಡಿ ಬಂದು ಸುರಿಯಿತು. ಭಾರತ ಸರ್ಕಾರ ಆಗ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಮತ್ತೆ ಮಾತುಕತೆಗೆ ಕೂತು ಹೊಸ ಲೆಕ್ಕ ಬರೆಸಿತು: ವರ್ಷಕ್ಕೆ 10,000 ಟನ್‌ವರೆಗೆ 15% ಸುಂಕ, ಅದರ ಮೇಲೆ 60%. ಬೇರೆ ಸರಕುಗಳಲ್ಲಿ ರಿಯಾಯಿತಿ ಬಿಟ್ಟುಕೊಟ್ಟು ಪಡೆದ ರಕ್ಷಣೆ ಇದು. ಇದನ್ನು ಮಾಡದೇ ಇದ್ದಿದ್ದರೆ 2015ರಲ್ಲಿ ನಮ್ಮ ಡೇರಿಗಳ ಗತಿ ಏನಾಗುತ್ತಿತ್ತು ಅಂತ ಯೋಚಿಸಿದರೆ ಭಯವಾಗುತ್ತೆ.

ಆದರೆ ಗೋಡೆ ಒಳಗೆ ಬರುವುದನ್ನು ತಡೆಯುತ್ತೆ ಅಷ್ಟೆ. ನಮ್ಮದೇ ಪುಡಿ ಹೊರಗೆ ಹೋಗಬೇಕಿತ್ತಲ್ಲ, ಅದು ಹೋಗಲಿಲ್ಲ. 2013-14ರಲ್ಲಿ ಜಗತ್ತಿನ ಬೆಲೆ ಮೇಲಿದ್ದಾಗ ಭಾರತ 1 ಲಕ್ಷ ಟನ್ನಿಗೂ ಹೆಚ್ಚು ಕೆನೆರಹಿತ ಪುಡಿ ರಫ್ತು ಮಾಡಿತ್ತು. ಬೆಲೆ ಬಿದ್ದ ಕೂಡಲೇ ಆ ದಾರಿ ಮುಚ್ಚಿತು. ಹೊರಗೆ ಹೋಗಬೇಕಾದ ಪುಡಿಯೆಲ್ಲ ಗೋಡೆಯೊಳಗೇ ಉಳಿದು ಇಲ್ಲಿಯ ಬೆಲೆಯನ್ನು ಕೆಳಗೆಳೆಯಿತು. ಈ ವಿಚಾರ ನಮ್ಮ ಚರ್ಚೆಗಳಲ್ಲಿ ಬಹಳ ಸಲ ತಪ್ಪಿಹೋಗುತ್ತೆ. ಎಲ್ಲರೂ ಆಮದು, ಆಮದು ಅನ್ನುತ್ತಾರೆ. ಆ ಸಲ ಚಿಕ್ಕಮ್ಮನ ಬಟವಾಡೆ ಕಡಿಮೆ ಮಾಡಿದ್ದು ನಿಂತುಹೋದ ರಫ್ತು.

ಐದು ರೂಪಾಯಿಯ ಲೆಕ್ಕ

ಕರ್ನಾಟಕದಲ್ಲಿ ಇದಕ್ಕೆ ಮುಂಚೆಯೇ ಒಂದು ವ್ಯವಸ್ಥೆ ಇತ್ತು. 2008ರಲ್ಲಿ ಯಡಿಯೂರಪ್ಪನವರ ಸರ್ಕಾರ ಸಹಕಾರ ಸಂಘಕ್ಕೆ ಹಾಲು ಹಾಕುವವರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು. 2013ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಅದನ್ನು 4 ಮಾಡಿತು. 2016ರ ಕೊನೆಗೆ 5 ಆಯಿತು. ಕ್ಷೀರಧಾರೆ ಅಂತ ಹೆಸರು. ಪಕ್ಷ ಯಾವುದೇ ಬರಲಿ, ಯಾರೂ ನಿಲ್ಲಿಸಲಿಲ್ಲ. ನಿಲ್ಲಿಸುವ ಧೈರ್ಯವೂ ಯಾರಿಗೂ ಇರಲಿಲ್ಲ ಅನ್ನಿ.

ಚಿಕ್ಕಮ್ಮನ ಮನೆಗೆ ಇದು ಏನಾಗಿತ್ತು ನೋಡೋಣ. 2015ರಲ್ಲಿ 14 ಲೀಟರಿಗೆ ದಿನಕ್ಕೆ 56 ರೂಪಾಯಿ, ತಿಂಗಳಿಗೆ 1,680. ಒಕ್ಕೂಟ ಇಳಿಸಿದ್ದು 630. ಅಂದರೆ ದರ ಇಳಿದ ಮೇಲೂ ಅವರ ಕೈಯಲ್ಲಿ ಸಾವಿರ ರೂಪಾಯಿ ಮಿಕ್ಕಿತ್ತು. 5 ರೂಪಾಯಿ ಆದ ಮೇಲೆ ತಿಂಗಳಿಗೆ 2,100. ಆಗ ಅದರಲ್ಲಿ ಎರಡು ಮೂಟೆ ಪಶು ಆಹಾರ ಬರುತ್ತಿತ್ತು. ಎರಡು ಹಸು ಸಾಕುವ ಮನೆಯಲ್ಲಿ ಎರಡು ಮೂಟೆ ಅಂದರೆ ಹಸು ಮಾರಬೇಕೋ ಉಳಿಸಿಕೊಳ್ಳಬೇಕೋ ಅನ್ನುವುದನ್ನು ತೀರ್ಮಾನಿಸುವ ಲೆಕ್ಕ. ಅದೇ ಓಣಿಯಲ್ಲಿ ಖಾಸಗಿ ಡೇರಿಯವರಿಗೆ ಹಾಲು ಹಾಕುತ್ತಿದ್ದ ಒಂದು ಮನೆಯವರಿಗೆ ಈ ದುಡ್ಡು ಇರಲಿಲ್ಲ. ಆ ವರ್ಷ ಅವರು ಒಂದು ಪಡ್ಡೆ ಮಾರಿದರು.

ಈ ದುಡ್ಡಿನ ಗುಣ ಅಂದರೆ ಅದು ಹಾಲಿನ ಜೊತೆ ಹೋಗುತ್ತೆ, ಕಾರ್ಖಾನೆಯ ಜೊತೆಯಲ್ಲ. ಯಾರು ಕರೆದು ತಂದರೋ ಅವರ ಹೆಸರಿಗೆ, ಅವರ ಬ್ಯಾಂಕ್ ಖಾತೆಗೆ. ಹಸುವಿನ ಹಿಂದೆ ಹೆಂಗಸರ ದುಡಿಮೆಯೇ ಜಾಸ್ತಿ ಇರುವ ನಮ್ಮ ಹಳ್ಳಿಗಳಲ್ಲಿ ಇದು ಸಣ್ಣ ಸಂಗತಿ ಅಲ್ಲ.

ದೋಷವೂ ಇದೆ, ಮುಚ್ಚಿಡಬಾರದು. ಪ್ರೋತ್ಸಾಹಧನ ಎಷ್ಟೋ ಸಲ ತಿಂಗಳುಗಟ್ಟಲೆ ಬಾಕಿ ಉಳಿಯುತ್ತೆ. ಬೂಸಾ ಅಂಗಡಿಯವನು ಸಾಲ ಬರೆದುಕೊಳ್ಳುತ್ತಾನೆ, ಆರು ತಿಂಗಳು ಕಾಯುವುದಿಲ್ಲ. ಬೆಲೆ ಬಿದ್ದ ತಿಂಗಳು ಬರದೆ ಬೆಲೆ ಏರಿದ ಮೇಲೆ ಬರುವ ಸಹಾಯ ಅರ್ಧ ಸಹಾಯ. 2023ರ ಚುನಾವಣೆಯಲ್ಲಿ 5ನ್ನು 7 ಮಾಡುವ ಭರವಸೆ ಕೊಟ್ಟರು. ನನ್ನನ್ನು ಕೇಳಿದರೆ 7ಕ್ಕಿಂತ ಮೊದಲು ಆ 5 ಪ್ರತಿ ತಿಂಗಳು ತಪ್ಪದೆ ಬರಲಿ.

ಹಿತ್ತಾಳೆ ಪಾತ್ರೆಯಲ್ಲಿ ಕದಡಿದ ಪುಡಿ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಅದನ್ನು ಯಾರೂ ವ್ಯಾಪಾರ ನೀತಿ ಅಂತ ಕರೆಯುವುದೇ ಇಲ್ಲ.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ, ಅಂಗನವಾಡಿ ಮಕ್ಕಳಿಗೆ ವಾರಕ್ಕೆ ಮೂರು ದಿನ 150 ಮಿಲಿ ಬಿಸಿ ಹಾಲು. 2017ರಲ್ಲಿ ಶಾಲೆಗಳಲ್ಲಿ ವಾರಕ್ಕೆ ಐದು ದಿನ ಆಯಿತು. ಹಾಲು ಅಂದರೆ ಕೆಎಂಎಫ್ (ರಾಜ್ಯದ ಒಕ್ಕೂಟಗಳೆಲ್ಲ ಸೇರಿದ ಕರ್ನಾಟಕ ಹಾಲು ಮಹಾಮಂಡಳ) ಕೊಡುವ ಕೆನೆಭರಿತ ಹಾಲಿನ ಪುಡಿ. ಒಂದು ಲೋಟಕ್ಕೆ 18 ಗ್ರಾಂ ಪುಡಿ, 10 ಗ್ರಾಂ ಸಕ್ಕರೆ.

ಒಂದು ಬೆಳಗ್ಗೆ ಚಿಕ್ಕಮ್ಮನ ಊರಿನ ಶಾಲೆಯಲ್ಲಿ ಇದನ್ನು ನಿಂತು ನೋಡಿದ್ದೇನೆ. ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಬಿಸಿಯೂಟದ ಅಕ್ಕ ಪುಡಿಯ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಮೊದಲು ಒಂದು ಹಿತ್ತಾಳೆ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿ ಕಡಗೋಲಿನಲ್ಲಿ ತಿರುವುತ್ತಿದ್ದರು. ಕುದಿಯುವ ನೀರಿಗೆ ಒಂದೇ ಸಲ ಸುರಿದರೆ ಗಂಟಾಗುತ್ತೆ, ಗಂಟು ಬಾಯಿಗೆ ಸಿಕ್ಕರೆ ಮಕ್ಕಳು ಉಗಿಯುತ್ತಾರೆ ಅಂದರು. ತಿರುವಿದ್ದನ್ನು ದೊಡ್ಡ ಪಾತ್ರೆಗೆ ಹಾಕಿ, ಕೊನೆಗೆ ಎರಡು ಏಲಕ್ಕಿ ಜಜ್ಜಿ ಹಾಕಿದರು. ಏಲಕ್ಕಿ ಅವರ ಸ್ವಂತ ದುಡ್ಡಿನದು. ಮಕ್ಕಳು ಸಾಲಾಗಿ ಕೂತು, ಸ್ಟೀಲ್ ಲೋಟಕ್ಕೆ ಎರಡೂ ಕೈ ಹಿಡಿದು, ಊದಿ ಊದಿ ಕುಡಿದರು.

ಈಗ ಲೆಕ್ಕ ಹಾಕೋಣ. ಒಂದು ಕೆಜಿ ಪುಡಿಯಲ್ಲಿ 55 ಲೋಟ. ಒಂದು ಕೆಜಿ ಕೆನೆಭರಿತ ಪುಡಿಗೆ ಹೆಚ್ಚುಕಡಿಮೆ 8 ಲೀಟರ್ ಹಾಲು ಬೇಕು. ಹಾಗಾದರೆ ಚಿಕ್ಕಮ್ಮನ ಮನೆಯ ಒಂದು ದಿನದ ಹಾಲು 95ಕ್ಕೂ ಹೆಚ್ಚು ಮಕ್ಕಳ ಲೋಟ ತುಂಬುತ್ತೆ. ಶುರುವಾದಾಗ ಯೋಜನೆಯಲ್ಲಿದ್ದ ಮಕ್ಕಳು ಸುಮಾರು 1 ಕೋಟಿ. ಎಲ್ಲರೂ ಹಾಜರಿದ್ದರೆ ಒಂದು ದಿನಕ್ಕೆ 180 ಟನ್ ಪುಡಿ, ಅಂದರೆ 14 ಲಕ್ಷ ಲೀಟರಿಗೂ ಹೆಚ್ಚು ಹಾಲು. ಎಲ್ಲರಿಗೂ ವಾರಕ್ಕೆ ಐದು ದಿನ ಅಂತ ಹಿಡಿದರೆ 72 ಲಕ್ಷ ಲೀಟರ್. ಆ ಕಾಲದಲ್ಲಿ ಕೆಎಂಎಫ್ ದಿನಕ್ಕೆ ಸಂಗ್ರಹಿಸುತ್ತಿದ್ದದ್ದೂ 70 ಲಕ್ಷ ಲೀಟರ್ ಆಸುಪಾಸು. ವಾರದ ಏಳು ದಿನದಲ್ಲಿ ಒಂದು ದಿನದ ಹಾಲು ಪೂರ್ತಿ ಮಕ್ಕಳ ಲೋಟಕ್ಕೆ ಹೋದಂತೆ! ಗೈರುಹಾಜರಿ, ರಜೆ ಕಳೆದರೂ ಇದು ಬಹಳ ದೊಡ್ಡ ಗಿರಾಕಿ. ಈ ಗಿರಾಕಿ ನ್ಯೂಜಿಲೆಂಡಿನ ಹರಾಜಿನ ಬೆಲೆ ನೋಡಿ ಕೊಳ್ಳುವುದನ್ನು ನಿಲ್ಲಿಸುವುದಿಲ್ಲ.

ಯೋಜನೆ ಮಾಡಿದಾಗ ಮಕ್ಕಳ ಅಪೌಷ್ಟಿಕತೆಯ ಚಿಂತೆ ಇತ್ತು, ಹೆಚ್ಚುವರಿ ಹಾಲಿನ ಚಿಂತೆಯೂ ಇತ್ತು. ಮುಂದೆ ಜಗತ್ತಿನ ಬೆಲೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ಇಳಿದಾಗ ಲೋಟ ಅಲ್ಲಿತ್ತು. ವಿಶ್ವ ವಾಣಿಜ್ಯ ಸಂಸ್ಥೆಯ ನಿಯಮದಲ್ಲೂ ಇದಕ್ಕೆ ಅಡ್ಡಿ ಇಲ್ಲ. ಬಡವರಿಗೆ, ಮಕ್ಕಳಿಗೆ ಆಹಾರ ಕೊಡುವುದಕ್ಕಾಗಿ ಸರ್ಕಾರ ಮಾರುಕಟ್ಟೆ ಬೆಲೆಗೆ ಕೊಳ್ಳುವ ಸರಕನ್ನು ಅವರು 'ಹಸಿರು ಪೆಟ್ಟಿಗೆ' ಅನ್ನುವ ಪಟ್ಟಿಯಲ್ಲಿ ಇಡುತ್ತಾರೆ, ಅದಕ್ಕೆ ಮಿತಿ ಇಲ್ಲ. ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಹಾಗಲ್ಲ. ಅದು ಮಿತಿ ಇರುವ ಪೆಟ್ಟಿಗೆಗೆ ಸೇರುತ್ತೆ. ಈ ವ್ಯತ್ಯಾಸ ಮುಂದಿನ ಮಾತುಕತೆಗಳಲ್ಲಿ ನಮಗೆ ಉಪಯೋಗಕ್ಕೆ ಬರುತ್ತೆ.

ಪುಡಿ ಕಾಳಸಂತೆಗೆ ಹೋಗಿ ಸಿಕ್ಕಿಬಿದ್ದ ಪ್ರಕರಣಗಳು ಅಲ್ಲಲ್ಲಿ ವರದಿಯಾಗಿವೆ. ಅದು ಕಾವಲಿನ ಲೋಪ. ಕಾವಲು ಬಿಗಿ ಮಾಡಬೇಕು, ಲೋಟ ಕಸಿಯಬಾರದು.

2018: ಪಕ್ಕದವರು ಏನು ಮಾಡಿದರು

ಪುಡಿಯ ಬೆಲೆ 2018ರಲ್ಲಿ ಮತ್ತೆ ನೆಲ ಹಿಡಿಯಿತು. ಮಹಾರಾಷ್ಟ್ರದಲ್ಲಿ ಜುಲೈ ತಿಂಗಳಲ್ಲಿ ರೈತರು ಟ್ಯಾಂಕರ್ ತಡೆದರು, ಹಾಲು ರಸ್ತೆಗೆ ಚೆಲ್ಲಿದರು. ಅಲ್ಲಿನ ಸರ್ಕಾರ ಲೀಟರಿಗೆ 5 ರೂಪಾಯಿ ಘೋಷಿಸಿತು, ಆದರೆ ಡೇರಿಗಳ ಮೂಲಕ. ಗುಜರಾತ್ ಪುಡಿ ರಫ್ತಿಗೆ ಕೆಜಿಗೆ 50 ರೂಪಾಯಿಯಂತೆ 300 ಕೋಟಿ ಇಟ್ಟಿತು. ಕೇಂದ್ರ ಸರ್ಕಾರ ಹಾಲಿನ ಉತ್ಪನ್ನಗಳ ರಫ್ತಿಗೆ 10% ಪ್ರೋತ್ಸಾಹ ಕೊಟ್ಟು, ಆಮೇಲೆ 20% ಮಾಡಿತು.

ರಫ್ತು ಸಬ್ಸಿಡಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಗೋದಾಮು ಖಾಲಿ ಆಗಲೇಬೇಕಿತ್ತು. ಆದರೆ ಆ ದುಡ್ಡು ರೈತರ ಮನೆ ತಲುಪಲು ಕಾರ್ಖಾನೆ, ರಫ್ತುದಾರ, ಒಕ್ಕೂಟ ಅಂತ ಮೂರು ಬಾಗಿಲು ದಾಟಬೇಕು. ಕರ್ನಾಟಕದಲ್ಲಿ ಆ ವರ್ಷ ಕೆಲವು ಒಕ್ಕೂಟಗಳು ದರ ಇಳಿಸಿದವು, ಬೇಸರ ಇತ್ತು, ಆದರೆ ಮಹಾರಾಷ್ಟ್ರದ ಹಾಗೆ ಹಾಲು ಬೀದಿಗೆ ಹರಿಯಲಿಲ್ಲ. ಪೂರ್ತಿ ಶ್ರೇಯ ಈ ಎರಡು ಯೋಜನೆಗಳದ್ದೇ ಅನ್ನಲಾರೆ. ಗಟ್ಟಿಯಾದ ಸಹಕಾರ ಸಂಘಗಳೂ ಕಾರಣ. ಮಹಾರಾಷ್ಟ್ರದಲ್ಲಿ ಖಾಸಗಿ ಡೇರಿಗಳ ಪಾಲು ಬಹಳ ಹೆಚ್ಚು.

ಬ್ಯಾಂಕಾಕ್, ನವೆಂಬರ್ 4

2019ರಲ್ಲಿ ಆರ್‌ಸಿಇಪಿ (ನ್ಯೂಜಿಲೆಂಡ್ ಸೇರಿ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ) ಒಪ್ಪಂದದ ಮಾತು ಬಂದಾಗ ಹಳ್ಳಿಗಳಲ್ಲಿ ನಡುಕ ಹುಟ್ಟಿದ್ದು ಸಹಜ. ನ್ಯೂಜಿಲೆಂಡಿನಲ್ಲಿ ಒಂದು ಕೊಟ್ಟಿಗೆಗೆ ಸರಾಸರಿ 400ಕ್ಕೂ ಹೆಚ್ಚು ಹಸು. ಕರೆದ ಹಾಲಿನಲ್ಲಿ ಹೆಚ್ಚುಕಡಿಮೆ 95% ಹೊರದೇಶಕ್ಕೆ. ಅದರ ಎದುರು ನಮ್ಮ ಎರಡು ಹಸುವಿನ ಕೊಟ್ಟಿಗೆ. 60% ಸುಂಕದ ಗೋಡೆ ಇಳಿದರೆ ಏನಾಗುತ್ತೆ ಅನ್ನುವುದು 2015ರಲ್ಲಿ ಬಟವಾಡೆ ಕಡಿಮೆಯಾಗಿದ್ದನ್ನು ಕಂಡವರಿಗೆ ಹೇಳಿಕೊಡಬೇಕಿರಲಿಲ್ಲ. ರೈತ ಸಂಘಟನೆಗಳು ಬೀದಿಗಿಳಿದವು, ಸಹಕಾರಿಗಳು ದನಿ ಎತ್ತಿದವು. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಒಪ್ಪಂದದಿಂದ ಹೊರಗೆ ಉಳಿಯಿತು. 2022ರಲ್ಲಿ ಆಸ್ಟ್ರೇಲಿಯಾ ಜೊತೆ, 2025ರಲ್ಲಿ ಬ್ರಿಟನ್ ಜೊತೆ ಸಹಿ ಹಾಕಿದಾಗಲೂ ಹಾಲನ್ನು ಹೊರಗಿಟ್ಟಿತು.

ಆದರೂ ಗೋಡೆಯಲ್ಲಿ ಆ 10,000 ಟನ್ನಿನ ಕಿಂಡಿ ಇದ್ದೇ ಇದೆ. ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿ, ಹಾಲು ಉಳಿದು, ಪುಡಿ ರಾಶಿ ಬಿದ್ದಿದ್ದ 2020ರ ಜೂನ್ ತಿಂಗಳಲ್ಲೇ 15% ಸುಂಕದಲ್ಲಿ 10,000 ಟನ್ ಆಮದಿಗೆ ಅನುಮತಿಯ ಅಧಿಸೂಚನೆ ಬಂತು. ಪ್ರಮಾಣ ಸಣ್ಣದು. ಹೊತ್ತು ಮಾತ್ರ ಬಹಳ ಕೆಟ್ಟದು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಕೆನಡಾ ಯುರೋಪಿನ ಜೊತೆಗೂ ಪೆಸಿಫಿಕ್ ದೇಶಗಳ ಜೊತೆಗೂ ಒಪ್ಪಂದ ಮಾಡಿಕೊಂಡು ತನ್ನ ಹಾಲಿನ ಮಾರುಕಟ್ಟೆಯ ಸ್ವಲ್ಪ ಪಾಲು ಬಿಟ್ಟುಕೊಟ್ಟಿತು. ಅದಕ್ಕೆ ಬದಲಾಗಿ 2019ರಲ್ಲಿ ತನ್ನ ಹಾಲು ರೈತರಿಗೆ 175 ಕೋಟಿ ಕೆನಡಾ ಡಾಲರ್ ಪರಿಹಾರ ಘೋಷಿಸಿತು. 80 ಹಸು ಇರುವವರಿಗೆ ಮೊದಲ ವರ್ಷವೇ 28,000 ಡಾಲರ್. ಅವರಿಗೆ ಅದು ಸಾಧ್ಯ. ಅಲ್ಲಿ ಇರುವುದು ಸುಮಾರು 11,000 ಹಾಲಿನ ಫಾರಂಗಳು. ನಮ್ಮ ರಾಜ್ಯದಲ್ಲಿ ಹಾಲು ಹಾಕುವವರು ಲಕ್ಷಗಟ್ಟಲೆ. ಮಾರುಕಟ್ಟೆ ಬಿಟ್ಟುಕೊಟ್ಟು ಪರಿಹಾರ ಹಂಚುತ್ತೇವೆ ಅಂತ ನಮ್ಮಲ್ಲಿ ಯಾರಾದರೂ ಹೇಳಿದರೆ, ಈ ಭಾಗಾಕಾರವನ್ನು ಒಂದು ಸಲ ಮಾಡಿ ನೋಡಲಿ.

ಇನ್ನೂ ಆಗದೆ ಉಳಿದದ್ದು

ಇಷ್ಟೆಲ್ಲ ಆದರೂ ಒಂದು ಲೀಟರ್ ಹಾಲು ಕರೆಯುವ ಖರ್ಚು ನಮ್ಮಲ್ಲಿ ಇಳಿಯಲಿಲ್ಲ. ಸುಂಕ, ಪ್ರೋತ್ಸಾಹಧನ, ಶಾಲೆಯ ಲೋಟ, ಮೂರೂ ರೈತರನ್ನು ಬೀಳದ ಹಾಗೆ ಹಿಡಿದವು. ಎದುರಿಗೆ ನಿಲ್ಲುವ ಶಕ್ತಿ ಕೊಡಲಿಲ್ಲ. ಚಿಕ್ಕಮ್ಮನ ಬಟವಾಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಟೆ ಮೇವಿಗೇ ಹೋಗುತ್ತೆ. ಹಸಿರು ಮೇವು ಸಾಲದೆ ಬೂಸಾ ಹಿಂಡಿ ಸುರಿದು ಹಾಲು ತೆಗೆಯುವುದೇ ನಮ್ಮ ದುಬಾರಿತನದ ಮೂಲ. ಹಸು ಗಬ್ಬ ನಿಲ್ಲದೆ ಮೂರು ತಿಂಗಳು ಸುಮ್ನೆ ಕಳೆದರೆ ಆ ವರ್ಷದ ಲಾಭ ಅಲ್ಲಿಗೆ ಮುಗೀತು. ಪಶುವೈದ್ಯರು ಕರೆದ ದಿನ ಸಿಗುವುದು, ಮೇವಿನ ಬೀಜ, ಮೇವು ಕತ್ತರಿಸುವ ಯಂತ್ರ, ಹಸುವಿನ ವಿಮೆ, ಇವುಗಳಿಗೆ ಯೋಜನೆಗಳು ಇವೆ. ಆದರೆ ಲೀಟರಿಗೆ ಐದು ರೂಪಾಯಿಯ ಹಾಗೆ ಎಲ್ಲ ಮನೆಗೂ ಮುಟ್ಟುವ ಹದ ಅವುಗಳಿಗೆ ಇನ್ನೂ ಬಂದಿಲ್ಲ. ಹೊಸದಾಗಿ ಕೊಡುವ ದುಡ್ಡಿನಲ್ಲಿ ಒಂದು ಪಾಲಾದರೂ ಹಸಿರು ಮೇವಿಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2024ರಲ್ಲಿ ಕೆಎಂಎಫ್ ಸಂಗ್ರಹ ದಿನಕ್ಕೆ 1 ಕೋಟಿ ಲೀಟರ್ ದಾಟಿತು. ಸಂತೋಷದ ಸುದ್ದಿ. ಅದರ ಜೊತೆಗೇ ಉಳಿಯುವ ಹಾಲೂ ಹೆಚ್ಚಿತು, ಪುಡಿಯೂ ಹೆಚ್ಚಿತು. ಹರಾಜು ಈಗಲೂ ಎರಡು ವಾರಕ್ಕೊಮ್ಮೆ ನಡೆಯುತ್ತಲೇ ಇದೆ.

ಮೊನ್ನೆ ಊರಿಗೆ ಹೋದಾಗ ಚಿಕ್ಕಮ್ಮ ಕೊಟ್ಟಿಗೆ ಹಿಂದಿನ ಜಾಗ ತೋರಿಸಿದರು. ಪಾತ್ರೆ ತೊಳೆದ ನೀರು ಹರಿಯುವ ಕಡೆ ಐದು ಗುಂಟೆಗೆ ಸೀಮೆಹುಲ್ಲು ನೆಟ್ಟಿದ್ದಾರೆ. ಕಡ್ಡಿ ಕೊಟ್ಟದ್ದು ಪಕ್ಕದ ಮನೆಯವರು, ಯಾವ ಯೋಜನೆಯದ್ದೂ ಅಲ್ಲ. "ಇದು ಎದ್ದು ನಿಂತ್ರೆ ತಿಂಗಳಿಗೆ ಒಂದು ಮೂಟೆ ಉಳೀತದೆ ಮಗಾ," ಅಂದರು. ಆಗಲೇ ಮೊಣಕಾಲುದ್ದ ಬಂದಿತ್ತು.